ಸೊನ್ನಲಿಗೆಯ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

ಭೀಮಾ, ಸೀನಾ, ಬೋರಿ ನದಿಗಳು ಹರಿಯುವ ಸೊಲ್ಲಾಪುರ ಸೀಮೆಯು ಸತ್ಪುರುಷರ ಪಾದಧೂಳಿಯಿಂದ ಪುನೀತವಾದ ನಾಡು. ಪಂಢರಪುರದಲ್ಲಿ ವಿಠಲನು ಇಟ್ಟಿಗೆಯ ಮೇಲೆ ನಿಂತು ಭಕ್ತರ ಬರವನ್ನು ಕಾಯುತ್ತಿದ್ದಾನೆ. ಮಂಗಳವೇಢೆಯ ಮಣ್ಣಿನಲ್ಲಿ ಬಸವಣ್ಣನವರು ಬಿಜ್ಜಳ ರಾಜನ ಸೇವೆಯಲ್ಲಿದ್ದುಕೊಂಡು ಕಾಯಕದ ಮೊದಲ ಪಾಠವನ್ನು ಆಚರಿಸಿ ತೋರಿಸಿದರು. ಅಕ್ಕಲಕೋಟೆಯಲ್ಲಿ ಶ್ರೀ ಸ್ವಾಮಿ ಸಮರ್ಥರು ೧೮೭೮ರಲ್ಲಿ ಸಮಾಧಿಸ್ಥರಾಗುವ ವರೆಗೆ ನೆಲೆಸಿದ್ದು, ಜಾತಿಮತಗಳ ಭೇದವಿಲ್ಲದೆ ಬಂದವರನ್ನೆಲ್ಲ ಹರಸಿದರು. ಇಂಥ ಈ ಸೀಮೆಗೆ ಹೃದಯದಂತಿರುವ ಊರು ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ. ಆ ಹೃದಯದಲ್ಲಿ ಎಂಟು ನೂರು ವರ್ಷಗಳಿಗೂ ಮಿಕ್ಕಿ ಬೆಳಗುತ್ತಿರುವ ಜ್ಯೋತಿ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು.

ಚಪಳಗಾಂವ ಮೊದಲಾದ ಅಕ್ಕಲಕೋಟ ತಾಲೂಕಿನ ಗ್ರಾಮಗಳಲ್ಲಿ ಕನ್ನಡ ಮತ್ತು ಮರಾಠಿಗಳು ಒಂದೇ ಅಂಗಳದ ಎರಡು ಬಾವಿಗಳಂತೆ ಇವೆ. ಒಂದು ಮನೆಯಲ್ಲಿಯೇ ಅಜ್ಜಿ ಕನ್ನಡದಲ್ಲಿ ಹಾಡಿದರೆ ಮೊಮ್ಮಗನು ಮರಾಠಿಯಲ್ಲಿ ಅಕ್ಷರ ಕಲಿಯುತ್ತಾನೆ. ಎರಡೂ ನುಡಿಯವರು ಸಿದ್ಧೇಶ್ವರ ಎಂಬ ಒಂದೇ ಹೆಸರಿಗೆ ಕೈಮುಗಿಯುತ್ತಾರೆ. ದೇವಾಲಯದ ಜೀರ್ಣೋದ್ಧಾರದಂಥ ಪುಣ್ಯಸಂದರ್ಭದಲ್ಲಿ ಈ ಮಹಾಪುರುಷರ ಚರಿತ್ರೆಯನ್ನು ಸ್ಮರಿಸುವುದು ಉಚಿತವಾಗಿದೆ. ಏಕೆಂದರೆ ಸಿದ್ಧರಾಮರು ಸ್ವತಃ ದೇವಾಲಯಗಳನ್ನು ಕಟ್ಟಿದವರು, ಕೆರೆಗಳನ್ನು ತೋಡಿಸಿದವರು. ಕಟ್ಟಿದ ಮೇಲೆ ಕಲ್ಲಿನೊಳಗಣ ದೈವವನ್ನು ಮನುಷ್ಯನೊಳಗೂ ಕಾಣುವುದು ಹೇಗೆಂಬುದನ್ನು ತಾವು ನೋವುಂಡು ಕಲಿತವರು. ಕಲಿತುದನ್ನು ಲೋಕಕ್ಕೆ ಹಂಚಿದವರು.

ಜನನ ಮತ್ತು ಬಾಲ್ಯ

ಸಿದ್ಧರಾಮರ ಕಾಲವು ಕ್ರಿಸ್ತಶಕ ಹನ್ನೆರಡನೆಯ ಶತಮಾನ. ಕಲ್ಯಾಣದ ಚಾಲುಕ್ಯರ ವೈಭವವು ಇಳಿಮುಖವಾಗಿ ಕಳಚುರಿ ಬಿಜ್ಜಳನ ಪ್ರತಾಪವು ಏರುತ್ತಿದ್ದ ಸಂಧಿಕಾಲವದು. ಅವರ ಚರಿತ್ರೆಯನ್ನು ಮೊದಲಿಗೆ ಕಾವ್ಯವಾಗಿ ರಚಿಸಿದವನು ಹರಿಹರನ ಶಿಷ್ಯನಾದ ರಾಘವಾಂಕ ಕವಿ. ಅವನ ಸಿದ್ಧರಾಮ ಚರಿತ್ರೆಯು ಷಟ್ಪದಿಯಲ್ಲಿ ರಚಿತವಾದ ಮಹತ್ಕೃತಿ. ಸಿದ್ಧರಾಮರ ಬಾಲ್ಯದ ಕಥೆಯು ಜನಮನದಲ್ಲಿ ಇಂದಿಗೂ ಉಳಿದಿರುವುದು ಬಹುಮಟ್ಟಿಗೆ ಈ ಕವಿಯ ಉಪಕಾರದಿಂದ.

ಸೊನ್ನಲಿಗೆಯ ಮುದ್ದುಗೌಡ ಹಾಗೂ ಸುಗ್ಗಲೆ ಎಂಬ ಒಕ್ಕಲು ದಂಪತಿಗಳು ಇವರ ತಂದೆತಾಯಿಗಳು. ಮಹಾಮಹಿಮರಾದ ರೇವಣಸಿದ್ಧರು ಸೊನ್ನಲಿಗೆಗೆ ಬಂದಾಗ, ಈ ತಾಯಿಯ ಬಸಿರಿನಲ್ಲಿ ಲೋಕೋದ್ಧಾರಕನೊಬ್ಬನು ಜನಿಸುವನೆಂದೂ ಆತನಿಂದ ಈ ಊರು ಎರಡನೆಯ ಶ್ರೀಶೈಲವಾಗುವುದೆಂದೂ ಮುನ್ನುಡಿದರಂತೆ. ಕೂಸು ಹುಟ್ಟಿತು, ಮನೆದೇವರ ನೆನಪಿನಲ್ಲಿ ಧೂಳಿಮಾಕಾಳನೆಂದು ಹೆಸರಿಟ್ಟರು. ಆದರೆ ಮಗುವು ಓರಗೆಯ ಮಕ್ಕಳಂತೆ ಆಡಲಿಲ್ಲ, ಮಾತನಾಡಲಿಲ್ಲ. ಎಲ್ಲಿಯೋ ನೋಡುವ ಕಣ್ಣು, ಏನನ್ನೋ ಆಲಿಸುವ ಕಿವಿ. ನೆರೆಹೊರೆಯವರು ಇದನ್ನು ಮಂಕು ಎಂದರು. ತಾಯಿಯ ಕರುಳು ಮಾತ್ರ ನಂಬಿಕೆಯನ್ನು ಬಿಡಲಿಲ್ಲ. ಬೇರೆ ಕೆಲಸವನ್ನು ಅರಿಯದ ಹುಡುಗನು ದನಕರುಗಳ ಹಿಂದೆ ಹೋಗಲೆಂದು ತಂದೆಯು ಅವನನ್ನು ಅಡವಿಗೆ ಕಳಿಸಿದನು. ಅಡವಿಯಲ್ಲಿ ಆ ಹುಡುಗನು ಕಲ್ಲನ್ನು ಲಿಂಗವೆಂದು ನಿಲ್ಲಿಸಿ ಹೂಪತ್ರೆಗಳನ್ನು ಏರಿಸಿ ಮೈಮರೆಯುತ್ತಿದ್ದನು.

ಶ್ರೀಶೈಲದ ಹಾದಿ

ಒಂದು ದಿವಸ ಹೊಲದ ಬಳಿಯಲ್ಲಿದ್ದ ಬಾಲಕನೆದುರಿಗೆ ಜಂಗಮನೊಬ್ಬನು ಬಂದು ನಿಂತನು. ತನ್ನ ಹೆಸರು ಮಲ್ಲಯ್ಯನೆಂದೂ ಊರು ಶ್ರೀಶೈಲವೆಂದೂ ಹೇಳಿದನು. ಹಸಿವಾಗಿದೆಯೆಂದಾಗ ಹುಡುಗನು ಹೊಲದ ಎಳೆಯ ತೆನೆಯನ್ನು ಕೊಟ್ಟನು. ಅದನ್ನುಂಡ ಜಂಗಮನು ಹೊಟ್ಟೆಯ ಉರಿ ತಣಿಯಲು ಮಜ್ಜಿಗೆ ಅನ್ನ ಬೇಕೆಂದನು. ಮಾತನ್ನೇ ಆಡದಿದ್ದ ಮಗನು ಓಡುತ್ತ ಮನೆಗೆ ಬಂದು ಮಲ್ಲಯ್ಯನಿಗೆ ಮಜ್ಜಿಗೆ ಅನ್ನ ಕೊಡೆಂದು ತಾಯಿಯನ್ನು ಬೇಡಿದಾಗ ಸುಗ್ಗಲೆಯ ಸಂತೋಷಕ್ಕೆ ಪಾರವೇ ಇಲ್ಲವಾಯಿತು. ಆಕೆ ಕಟ್ಟಿಕೊಟ್ಟ ಬುತ್ತಿಯನ್ನು ಹೊತ್ತು ಹುಡುಗನು ಮರಳಿ ಬರುವಷ್ಟರಲ್ಲಿ ಜಂಗಮನು ಅಲ್ಲಿರಲಿಲ್ಲ.

ಆಗ ಹೊರಟ ಕೂಗು ಸೊನ್ನಲಿಗೆಯ ಹೊಲಗಳನ್ನೆಲ್ಲ ತುಂಬಿತು. ಬಾಲಕನು ಮಲ್ಲಯ್ಯಾ ಮಲ್ಲಯ್ಯಾ ಎಂದು ಅಳುತ್ತ ಅಲೆಯುತ್ತಿದ್ದಾಗ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ತಂಡವು ಎದುರಾಯಿತು. ಅವರು ಅವನ ಅಳಲನ್ನು ಕೇಳಿ, ತಾವು ಮಲ್ಲಯ್ಯನಿದ್ದಲ್ಲಿಗೇ ಹೋಗುವವರೆಂದು ಹೇಳಿ ಜೊತೆಗೆ ಕರೆದುಕೊಂಡರು. ದೂರದ ಹಾದಿ, ಕಲ್ಲುಮುಳ್ಳುಗಳ ಹಾದಿ. ಶ್ರೀಶೈಲವನ್ನು ಮುಟ್ಟಿ ಗರ್ಭಗುಡಿಯಲ್ಲಿ ಯಾತ್ರಿಕರು ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದಾಗ ಹುಡುಗನು ಒಪ್ಪಲಿಲ್ಲ. ತನ್ನ ಹೊಲದಲ್ಲಿ ತೆನೆಯನ್ನು ತಿಂದವನು, ಮಜ್ಜಿಗೆ ಬೇಡಿದವನು, ನಕ್ಕು ಮಾತನಾಡಿದವನು ಆತನಿಗೆ ಬೇಕಾಗಿದ್ದನು. ಗುಡ್ಡಗಾಡನ್ನೆಲ್ಲ ಹುಡುಕಿ ಸೋತು, ಕೊನೆಗೆ ಆಳವಾದ ಕಮರಿಯ ಅಂಚಿನಲ್ಲಿ ನಿಂತು ಹಾರಲು ಮುಂದಾದನು. ಆ ಕ್ಷಣದಲ್ಲಿ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿದೆತ್ತಿದನೆಂದು ಪುರಾಣವು ವರ್ಣಿಸುತ್ತದೆ. ಶ್ರೀಶೈಲದಲ್ಲಿಯೇ ಉಳಿಯುವೆನೆಂದ ಭಕ್ತನಿಗೆ ದೇವರು ಅಲ್ಲಿ ಉಳಿಯುವ ಅಪ್ಪಣೆಯನ್ನು ಕೊಡಲಿಲ್ಲ. ಸೊನ್ನಲಿಗೆಗೆ ಮರಳಿ ಹೋಗಿ ಅಲ್ಲಿ ದೇವಾಲಯವನ್ನು ಕಟ್ಟೆಂದೂ, ಕೆರೆಯನ್ನು ತೋಡಿಸೆಂದೂ, ತಾನು ಅಲ್ಲಿಗೇ ಬರುವೆನೆಂದೂ ಆಜ್ಞಾಪಿಸಿದನು.

ಈ ಕಥೆಯನ್ನು ಭಕ್ತಿಯಿಂದ ಕೇಳುವವರು ಒಂದು ಸಂಗತಿಯನ್ನು ಮನಗಾಣಬೇಕು. ದೇವರು ಆ ಬಾಲಕನಿಗೆ ಮೊದಲು ಗೋಚರಿಸಿದುದು ಹಸಿದ ಅತಿಥಿಯ ರೂಪದಲ್ಲಿ. ಅಪರಿಚಿತನ ಕುಲವನ್ನು ಕೇಳದೆ ತೆನೆಯನ್ನು ಕೊಟ್ಟ ಕೈಗೆ ದೈವದ ಕೈ ದೊರೆಯಿತು. ಮುಂದಿನ ಜೀವನವೆಲ್ಲವೂ ಈ ಬೀಜದಿಂದಲೇ ಮೊಳೆಯಿತು. ಆದರೆ ಬೀಜವು ಹೆಮ್ಮರವಾಗುವ ಮೊದಲು ಒಂದು ಕಠಿಣ ಪರೀಕ್ಷೆಯು ಅವರಿಗಾಗಿ ಕಾದಿತ್ತು.

ಕೆರೆ ಮತ್ತು ದೇಗುಲ

ಸೊನ್ನಲಿಗೆಗೆ ಮರಳಿದ ಸಿದ್ಧರಾಮರು ದೇವರ ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ರಾಣಿ ಚಾಮಲದೇವಿಯು ಭೂಮಿಯನ್ನು ನೀಡಿದಳೆಂದು ಪುರಾಣವು ಹೇಳುತ್ತದೆ. ಕಪಿಲಸಿದ್ಧ ಮಲ್ಲಿಕಾರ್ಜುನನ ಪ್ರತಿಷ್ಠೆಯಾಯಿತು. ಊರಿನ ಸುತ್ತಲೂ ಅರವತ್ತೆಂಟು ಲಿಂಗಗಳೂ ಎಂಟು ಗಣಪತಿಗಳೂ ಸ್ಥಾಪಿತವಾದವೆಂಬುದು ಸೊಲ್ಲಾಪುರದ ಪರಂಪರೆ. ಭಕ್ತರು ಇಂದಿಗೂ ಆ ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಯನ್ನು ಮಾಡುತ್ತಾರೆ. ದೂರದ ಶ್ರೀಶೈಲಕ್ಕೆ ಹೋಗಲಾರದ ಬಡವರಿಗೆ ಶ್ರೀಶೈಲವೇ ಬಾಗಿಲಿಗೆ ಬಂದಂತಾಯಿತು.

ದೇಗುಲಕ್ಕಿಂತಲೂ ದೊಡ್ಡ ಕಾರ್ಯವು ಕೆರೆಯದು. ಸೊಲ್ಲಾಪುರ ಸೀಮೆಯು ಮಳೆಯ ಕೊರತೆಯ ನಾಡು. ಮೇಘರಾಜನು ಒಮ್ಮೆ ಮುನಿದರೆ ಜೋಳದ ಹೊಲವು ಸುಟ್ಟ ಬೂದಿಯಾಗುತ್ತದೆ; ದನಕರುಗಳು ದಿಕ್ಕುಗಾಣದೆ ಅಲೆಯುತ್ತವೆ. ೧೮೭೬ರಿಂದ ೧೮೭೮ರ ವರೆಗಿನ ಭೀಕರ ಬರಗಾಲವು ಈ ನಾಡನ್ನು ಹೇಗೆ ಹಿಂಡಿತೆಂಬುದನ್ನು ಇತಿಹಾಸವು ಬಲ್ಲದು. ಇಂಥ ನೆಲದಲ್ಲಿ ಕೆರೆಯನ್ನು ತೋಡುವುದೆಂದರೆ ಪ್ರಾಣದಾನವನ್ನು ಮಾಡಿದಂತೆಯೇ ಸರಿ. ಸಾವಿರಾರು ಭಕ್ತರು ಗುದ್ದಲಿ ಬುಟ್ಟಿಗಳನ್ನು ಹಿಡಿದು ಅಗೆದರು, ಮಣ್ಣನ್ನು ಹೊತ್ತರು, ಏರಿಯನ್ನು ಕಟ್ಟಿದರು. ಅವರ ನಡುವೆ ಸಿದ್ಧರಾಮರೂ ನಿಂತು ದುಡಿದರು. ಒಕ್ಕಲಿಗನೂ ಕುಂಬಾರನೂ ಕಲ್ಲುಕುಟಿಗನೂ ಒಡ್ಡನೂ ಒಂದೇ ಸಾಲಿನಲ್ಲಿ ನಿಂತು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ಸಾಗಿಸಿದರು. ದುಡಿಮೆಯ ಆ ಸಾಲಿನಲ್ಲಿ ಮೇಲು ಕೀಳುಗಳ ಲೆಕ್ಕವನ್ನು ಇಡುವುದು ಸಾಧ್ಯವಿರಲಿಲ್ಲ.

ಸಿದ್ಧರಾಮರ ಬಳಗದಲ್ಲಿ ಅಕ್ಕಸಾಲಿಗರ ಮನೆತನದ ಹಾವಿನಹಾಳ ಕಲ್ಲಯ್ಯನೂ ಇದ್ದನು. ವೇದವನ್ನು ಓದುವ ಅಧಿಕಾರವು ತಮಗೆ ಮಾತ್ರ ಇದೆಯೆಂದು ಗರ್ವಿಸಿದವರೆದುರಿಗೆ ಆತನು ನಾಯಿಯ ಬಾಯಿಂದ ವೇದವನ್ನು ಓದಿಸಿದನೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಕಥೆಯ ತಿರುಳು ಸ್ಪಷ್ಟವಾಗಿದೆ. ದೇವರ ನುಡಿಗೆ ಬೇಲಿಯನ್ನು ಹಾಕಲು ಯಾವ ಮನುಷ್ಯನಿಗೂ ಅಧಿಕಾರವಿಲ್ಲ.

ಅಲ್ಲಮಪ್ರಭುವಿನ ಆಗಮನ

ಕೆರೆಯ ಕೆಲಸವು ಭರದಿಂದ ಸಾಗಿರುವಾಗ ಒಂದು ದಿನ ಅಪರಿಚಿತ ವಿರಕ್ತನೊಬ್ಬನು ಅಲ್ಲಿಗೆ ಬಂದನು. ಆತನು ಅಲ್ಲಮಪ್ರಭು. ಮಣ್ಣನ್ನು ಹೊರುತ್ತಿದ್ದ ಭಕ್ತರೊಡನೆ ಆತನು ಒರಟಾಗಿ ಮಾತನಾಡಿದನು. ಇಲ್ಲಿಯ ಒಡ್ಡರಾಮನೆಲ್ಲಿ ಎಂದು ಕೇಳಿದನು. ಕಲ್ಲುಮಣ್ಣುಗಳ ರಾಶಿಯಿಂದ ಮುಕ್ತಿಯು ದೊರೆಯುವುದೇ ಎಂದು ಹಂಗಿಸಿದನು. ತಮ್ಮ ಗುರುವನ್ನು ಹೀಯಾಳಿಸಿದ ಮಾತನ್ನು ಕೇಳಿ ಭಕ್ತರು ಕೆರಳಿದರು. ಕೈಗೆ ಸಿಕ್ಕ ಕಲ್ಲುಗಳನ್ನೆತ್ತಿ ಆತನ ಮೇಲೆ ಎಸೆದರು. ಎಸೆದ ಕಲ್ಲುಗಳು ಆತನನ್ನು ನೋಯಿಸದೆ ಸುತ್ತಲೂ ರಾಶಿಯಾಗಿ ಬಿದ್ದವು.

ಸುದ್ದಿಯು ಸಿದ್ಧರಾಮರಿಗೆ ಮುಟ್ಟಿತು. ಅವರು ಬಂದು ನೋಡಿದರು. ತಮ್ಮ ಜೀವಮಾನದ ಕಾಯಕವನ್ನು ಜರೆದ ಪುರುಷನು ಎದುರಿಗೆ ನಿಂತಿದ್ದನು. ಶಾಂತಮೂರ್ತಿಗಳಾದ ಸಿದ್ಧರಾಮರಿಗೂ ಕೋಪವುಕ್ಕಿತು. ಹಣೆಗಣ್ಣು ತೆರೆದು ಬೆಂಕಿಯು ಹೊರಟಿತೆಂದೂ, ಆ ಉರಿಯು ಅಲ್ಲಮನನ್ನು ಸುಡಲಾರದೆ ಲೋಕವನ್ನು ವ್ಯಾಪಿಸತೊಡಗಿತೆಂದೂ, ಜನರು ಹೆದರಿ ಓಡಿದರೆಂದೂ, ಕಡೆಗೆ ಅಲ್ಲಮನೇ ಅದನ್ನು ಶಾಂತಗೊಳಿಸಿದನೆಂದೂ ಕಥೆಯಿದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಈ ಸಂದರ್ಭವು ವಿಸ್ತಾರವಾಗಿ ಬಂದಿದೆ.

ಸಿದ್ಧರಾಮರ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ತರವಾದ ಘಟ್ಟವು ಬೇರೊಂದಿಲ್ಲ. ದೇವರಿಗಾಗಿ ದುಡಿಯುವ ಕೈಗಳೇ ಅನ್ಯನ ಮೇಲೆ ಕಲ್ಲನ್ನೆಸೆದವು. ಕೆರೆಯ ಏರಿಗಾಗಿ ತಂದ ಕಲ್ಲು ಒಂದು ಗಳಿಗೆಯಲ್ಲಿ ಆಯುಧವಾಯಿತು. ಭಕ್ತಿಯೂ ಕ್ರೋಧವೂ ಎಷ್ಟು ಸಮೀಪದಲ್ಲಿ ವಾಸಿಸುತ್ತವೆಂಬುದನ್ನು ಸಿದ್ಧರಾಮರು ಅಂದು ತಮ್ಮಲ್ಲಿಯೇ ಕಂಡರು. ಪ್ರಾಣಿಗಳ ದಾಹವನ್ನು ಹಿಂಗಿಸಲೆಂದು ಕೆರೆಯನ್ನು ಕಟ್ಟುವವರ ಕಣ್ಣಿನಿಂದಲೇ ಲೋಕವನ್ನು ಸುಡುವ ಉರಿಯು ಹೊರಟಿತೆಂಬುದು ಎಂಥ ಎಚ್ಚರಿಕೆ! ಪರಮತವನ್ನು ದ್ವೇಷಿಸುವವರೆಲ್ಲ ದುಷ್ಟರೇ ಆಗಿರುವುದಿಲ್ಲ. ತಮ್ಮ ದೇವರನ್ನು, ತಮ್ಮ ಗುರುವನ್ನು, ತಮ್ಮ ದುಡಿಮೆಯನ್ನು ಪ್ರೀತಿಸುವ ಸಜ್ಜನರಲ್ಲಿಯೂ ಈ ಉರಿಯು ಅಡಗಿರುತ್ತದೆ. ಅದನ್ನು ಕಂಡುಕೊಂಡು ತಣಿಸುವುದೇ ಸಹಿಷ್ಣುತೆಯ ಮೊದಲ ಮೆಟ್ಟಿಲು.

ಸಿದ್ಧರಾಮರು ಆ ಮೆಟ್ಟಿಲನ್ನೇರಿದರು. ತಮ್ಮನ್ನು ಹಂಗಿಸಿದವನ ಮಾತಿನಲ್ಲಿಯೂ ಸತ್ಯವಿರಬಹುದೆಂದು ಕಿವಿಗೊಟ್ಟರು. ಅಲ್ಲಮನೊಡನೆ ವಾದಿಸಿದರು, ಸಂಶಯಪಟ್ಟರು, ಮತ್ತೆ ಕೇಳಿದರು. ಕಡೆಗೆ ಆತನೊಡನೆ ಕಲ್ಯಾಣದ ಹಾದಿಯನ್ನು ಹಿಡಿದರು.

ಕಲ್ಯಾಣದಲ್ಲಿ

ಕಲ್ಯಾಣದಲ್ಲಿ ಸಿದ್ಧರಾಮರು ಕಂಡ ದೃಶ್ಯವು ಅಪೂರ್ವವಾದುದು. ಬಸವಣ್ಣನವರ ಮಹಾಮನೆಯಲ್ಲಿ ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯ ಮೊದಲಾದ ಶರಣರು ಸಮಾನ ಆಸನದಲ್ಲಿ ಕುಳಿತು ಶಿವಾನುಭವವನ್ನು ನಡೆಸುತ್ತಿದ್ದರು. ಸ್ತ್ರೀಯರಿಗೂ ಅಲ್ಲಿ ಮಾತಿನ ಹಕ್ಕಿತ್ತು. ಅಕ್ಕಮಹಾದೇವಿಯು ಬಂದಾಗ ಆಕೆಯ ವಯಸ್ಸನ್ನು ನೋಡದೆ ಆಕೆಯ ಅರಿವಿನ ಹಿರಿಮೆಯನ್ನು ಎತ್ತಿಹಿಡಿದವರಲ್ಲಿ ಸಿದ್ಧರಾಮರೂ ಒಬ್ಬರು. ಹೆಣ್ಣನ್ನು ಮಾಯೆಯೆಂದು ಜರೆಯುವ ರೂಢಿಯನ್ನು ಅವರು ತಿರಸ್ಕರಿಸಿದರು. ಆಕೆಯಲ್ಲಿ ತಮ್ಮ ಇಷ್ಟದೈವವನ್ನೇ ಕಂಡು ವಚನದಲ್ಲಿ ಸಾರಿದರು.

ಕಲ್ಯಾಣದಲ್ಲಿ ಅವರಿಗೆ ಇನ್ನೊಂದು ಪರೀಕ್ಷೆಯು ಒದಗಿತು. ಸ್ಥಾವರಲಿಂಗದ ಪೂಜೆಯಲ್ಲಿ ಬೆಳೆದ ಅವರಿಗೆ ಅಂಗೈಯಲ್ಲಿ ಇಷ್ಟಲಿಂಗವನ್ನು ಧರಿಸುವ ದೀಕ್ಷೆಯ ಅಗತ್ಯವು ಮೊದಲಿಗೆ ತೋರಲಿಲ್ಲ. ದೀರ್ಘವಾದ ಚರ್ಚೆಯು ನಡೆಯಿತು. ಯಾರೂ ಬಲವಂತ ಮಾಡಲಿಲ್ಲ. ಅರಸನ ಆಜ್ಞೆಯ ಭಯವಿರಲಿಲ್ಲ, ಆಶೆಯ ಬಲೆಯಿರಲಿಲ್ಲ. ಮಾತಿಗೆ ಮಾತು, ಅನುಭವಕ್ಕೆ ಅನುಭವ. ಮನವೊಪ್ಪಿದ ಮೇಲೆ, ವಯಸ್ಸಿನಲ್ಲಿ ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ಸಿದ್ಧರಾಮರು ದೀಕ್ಷೆಯನ್ನು ಪಡೆದರು. ಸಾವಿರಾರು ಶಿಷ್ಯರಿದ್ದ ಹಿರಿಯರು ತರುಣನೊಬ್ಬನೆದುರಿಗೆ ತಲೆಬಾಗಿದ ಈ ಪ್ರಸಂಗವು ಭಾರತದ ಧಾರ್ಮಿಕ ಇತಿಹಾಸದಲ್ಲಿಯೇ ವಿರಳವಾದುದು.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಹೊಸ ಅರಿವು ಬಂದಿತೆಂದು ಸಿದ್ಧರಾಮರು ತಮ್ಮ ಹಳೆಯ ಮಲ್ಲಯ್ಯನನ್ನು ಮರೆಯಲಿಲ್ಲ. ಅವರ ವಚನಗಳಿಗೆಲ್ಲ ಕಪಿಲಸಿದ್ಧಮಲ್ಲಿಕಾರ್ಜುನನ ಹೆಸರೇ ಅಂಕಿತವಾಗಿ ಉಳಿಯಿತು. ಬಾಲ್ಯದ ಭಕ್ತಿಯನ್ನು ಒಡೆದು ಹಾಕದೆ ಅದರ ಮೇಲೆಯೇ ಅನುಭಾವದ ಮಹಡಿಯನ್ನು ಕಟ್ಟಿದರು. ಬಸವಣ್ಣನವರನ್ನು ಸ್ತುತಿಸಿ ತ್ರಿಪದಿಗಳನ್ನೂ ರಚಿಸಿದರು. ಅಲ್ಲಮಪ್ರಭು, ಚನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನದ ಅಧ್ಯಕ್ಷ ಪದವಿಯು ಸಿದ್ಧರಾಮರಿಗೆ ಸಂದಿತೆಂದು ಪರಂಪರೆಯು ಹೇಳುತ್ತದೆ. ಒಡ್ಡರಾಮನೆಂಬ ಹಂಗಿನ ಮಾತಿನಿಂದ ಆರಂಭವಾದ ಹಾದಿಯು ಆ ಉನ್ನತ ಪೀಠದ ವರೆಗೆ ಸಾಗಿತು.

ಕಲ್ಯಾಣದ ಕ್ಷೋಭೆ

ಆದರೆ ಸಮಾಜವು ಇಷ್ಟು ದೊಡ್ಡ ಬೆಳಕನ್ನು ತಾಳಿಕೊಳ್ಳಲು ಸಿದ್ಧವಾಗಿರಲಿಲ್ಲ. ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಸಮಗಾರ ಕುಲದಿಂದ ಬಂದ ಹರಳಯ್ಯನವರ ಮಗನಿಗೂ ನಡೆದ ವಿವಾಹವು ಸಂಪ್ರದಾಯಸ್ಥರನ್ನು ಕೆರಳಿಸಿತು. ಬಿಜ್ಜಳನ ಆಜ್ಞೆಯಂತೆ ಹರಳಯ್ಯ, ಮಧುವರಸರನ್ನು ಕ್ರೂರವಾಗಿ ಕೊಲ್ಲಲಾಯಿತೆಂದು ಶರಣರ ಪುರಾಣಗಳು ಹೇಳುತ್ತವೆ. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ೧೧೬೭-೬೮ರ ಸುಮಾರಿಗೆ ಬಿಜ್ಜಳನ ಅಂತ್ಯವಾಯಿತು. ಕಲ್ಯಾಣದಲ್ಲಿ ರಕ್ತವು ಹರಿಯಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರು ಉಳವಿಯತ್ತ ನಡೆದರು.

ಸಿದ್ಧರಾಮರು ಸೊನ್ನಲಿಗೆಗೆ ಮರಳಿದರು. ಕಲ್ಯಾಣದಲ್ಲಿ ಅರಸನ ಕತ್ತಿಯೂ ಗುಂಪಿನ ರೋಷವೂ ಏನನ್ನು ಸಾಧಿಸಿದವೆಂಬುದು ಅವರ ಕಾಲದವರ ಕಣ್ಣೆದುರಿಗೇ ಇತ್ತು. ಕಟ್ಟಲು ವರುಷಗಳು ಬೇಕಾದ ಸಮಾನತೆಯ ಮನೆಯನ್ನು ಕೆಡವಲು ಕೆಲವೇ ದಿನಗಳು ಸಾಕಾದವು. ಕೆರೆಯ ದಂಡೆಯಲ್ಲಿ ತಾವು ಗೆದ್ದ ಕ್ರೋಧವನ್ನು ಲೋಕವು ಇನ್ನೂ ಗೆದ್ದಿರಲಿಲ್ಲ. ಅವರು ತಮ್ಮ ಉಳಿದ ಆಯುಷ್ಯವನ್ನು ಸೊನ್ನಲಿಗೆಯ ಜನರ ನಡುವೆ ಶಿವಯೋಗದಲ್ಲಿ ಕಳೆದು ಅಲ್ಲಿಯೇ ಸಮಾಧಿಸ್ಥರಾದರು. ಇಂದಿಗೂ ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯವು ಕೆರೆಯ ನಡುವೆ, ನೀರಿನಿಂದ ಆವೃತವಾಗಿ ನಿಂತಿದೆ. ಪಕ್ಕದಲ್ಲಿಯೇ ಕೋಟೆಯ ಬುರುಜುಗಳಿವೆ. ಕೋಟೆಯನ್ನು ಆಳಿದ ಬಹಮನಿಗಳೂ ಆದಿಲಶಾಹಿಗಳೂ ಪೇಶ್ವೆಗಳೂ ಆಂಗ್ಲರೂ ಕಾಲಗರ್ಭವನ್ನು ಸೇರಿದರು. ಬುಟ್ಟಿಯಿಂದ ಮಣ್ಣನ್ನು ಹೊತ್ತವರ ಕೆರೆಯು ಉಳಿಯಿತು.

ಜಾತ್ರೆಯ ಸಾಕ್ಷಿ

ಪ್ರತಿವರ್ಷ ಮಕರ ಸಂಕ್ರಾಂತಿಯ ಸಮಯದಲ್ಲಿ ಸೊಲ್ಲಾಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯು ಜನರ ಬಾಯಲ್ಲಿ ಗಡ್ಡಾ ಯಾತ್ರೆಯೆಂದು ಪ್ರಸಿದ್ಧವಾಗಿದೆ. ಮುಗಿಲೆತ್ತರಕ್ಕೆ ಏರುವ ಏಳು ನಂದಿಧ್ವಜಗಳನ್ನು ಹೊತ್ತು ಭಕ್ತರು ಊರನ್ನು ಸುತ್ತುತ್ತಾರೆ. ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ, ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಆಮೇಲೆ ಹೋಮ, ಮದ್ದು ಸುಡುವ ಸಂಭ್ರಮ, ಕೊನೆಗೆ ಕಪ್ಪಡಕಳ್ಳಿ. ಮರಾಠಿ ಮಾತನಾಡುವ ಭಕ್ತರೂ ಎಣ್ಣೆಮಜ್ಜನ, ಕಪ್ಪಡಕಳ್ಳಿ ಎಂಬ ಕನ್ನಡದ ಹೆಸರುಗಳನ್ನೇ ಭಕ್ತಿಯಿಂದ ಉಚ್ಚರಿಸುತ್ತಾರೆ. ನುಡಿಯ ಗಡಿಯು ನಕಾಶೆಯ ಮೇಲೆ ಇರಬಹುದು. ನಂದಿಧ್ವಜದ ನೆರಳಿನಲ್ಲಿ ಅದು ಕಾಣುವುದಿಲ್ಲ.

ಅಕ್ಷತೆಯ ವಿಧಿಯ ಹಿಂದೆ ಕುಂಬಾರ ಕನ್ಯೆಯೊಬ್ಬಳ ಕಥೆಯಿದೆ. ಆಕೆ ಸಿದ್ಧರಾಮರನ್ನು ವರಿಸಬಯಸಿದಳು. ಲಿಂಗಕ್ಕೆ ಮೀಸಲಾದ ಬ್ರಹ್ಮಚಾರಿಗಳು ಆಕೆಯ ಭಕ್ತಿಯನ್ನು ಅಲ್ಲಗಳೆಯದೆ ತಮ್ಮ ಯೋಗದಂಡದೊಡನೆ ವಿವಾಹವಾಗಲು ಅನುಮತಿಸಿದರು. ಬಡ ಕುಂಬಾರರ ಮನೆಯ ಹುಡುಗಿಯ ನೆನಪು ಹೀಗೆ ಪ್ರತಿ ಸಂಕ್ರಾಂತಿಗೂ ಮಂಗಳಾಕ್ಷತೆಯಲ್ಲಿ ಬೆರೆತು ಬರುತ್ತದೆ. ಏಳು ನಂದಿಧ್ವಜಗಳ ಮಾನವು ಬೇರೆ ಬೇರೆ ಸಮಾಜಗಳಿಗೆ ಹಂಚಿಹೋಗಿದ್ದು, ಸಮಾಜವು ಒಮ್ಮೆ ದೂರವಿರಿಸಿದ್ದ ಮಾತಂಗ ಬಂಧುಗಳಿಗೂ ಅದರಲ್ಲಿ ಪಾಲಿದೆ. ಧ್ವಜವನ್ನು ಹೊರುವವರು ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ಅರಿತು ನಡೆಯದಿದ್ದರೆ ಮೆರವಣಿಗೆಯು ಸಾಗುವುದೇ ಇಲ್ಲ.

ಇನ್ನೊಂದು ವಿಶೇಷವುಂಟು. ಅಲ್ಲಮನು ಪರೀಕ್ಷೆಗಾಗಿ ಬಳಸಿದ ಒಡ್ಡನೆಂಬ ಮಾತನ್ನು ಮಣ್ಣು ಕಲ್ಲುಗಳ ಕೆಲಸದಿಂದ ಬದುಕುವ ಭೋವಿ ಸಮಾಜವು ಅಭಿಮಾನದಿಂದ ಎತ್ತಿಕೊಂಡಿತು. ಕರ್ನಾಟಕದುದ್ದಕ್ಕೂ ಆ ಸಮಾಜದವರು ಸಿದ್ಧರಾಮರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಗುದ್ದಲಿಯನ್ನು ಹಿಡಿದ ಕೈಗೆ ಇದಕ್ಕಿಂತ ಹೆಚ್ಚಿನ ಗೌರವವು ಬೇರೆಲ್ಲಿ ದೊರೆತೀತು?

ಸಹಿಷ್ಣುತೆಯ ಬೆಳವಣಿಗೆ

ಸಿದ್ಧರಾಮರ ತರುವಾಯ ಸಮಾಜವು ನೇರವಾಗಿ ಮುಂದಕ್ಕೆ ಸಾಗಿತೆಂದು ಹೇಳಲಾಗದು. ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದೆ ಸರಿದ ದಿನಗಳೂ ಇದ್ದವು. ಹದಿನಾಲ್ಕನೆಯ ಶತಮಾನದಲ್ಲಿ ಸಂತ ಚೋಖಾಮೇಳನು ವಿಠಲನನ್ನು ಹಗಲಿರುಳು ಹಾಡಿಹೊಗಳಿದರೂ ಪಂಢರಪುರದ ಗುಡಿಯ ಒಳಗೆ ಕಾಲಿಡಲಾಗಲಿಲ್ಲ. ಮಂಗಳವೇಢೆಯಲ್ಲಿ ಗೋಡೆ ಕುಸಿದು ಆತನು ಮಡಿದ ಮೇಲೆ ಆತನ ಸಮಾಧಿಯು ಮಹಾದ್ವಾರದ ಮೆಟ್ಟಿಲ ಬಳಿ ಆಯಿತು. ದೇವರ ಮನೆಯ ಹೊಸ್ತಿಲವರೆಗೆ ಬಂದ ಭಕ್ತನಿಗೆ ಒಳಗೆ ಹೋಗಲು ಶತಮಾನಗಳೇ ಬೇಕಾದವು.

ಕೆರೆಯ ಕಥೆಯೂ ಹಾಗೆಯೇ ಆಯಿತು. ಸಕಲ ಪ್ರಾಣಿಗಳಿಗಾಗಿ ಕೆರೆಯನ್ನು ತೋಡಿಸಿದ ಮಹಾತ್ಮರು ಜನಿಸಿದ ದೇಶದಲ್ಲಿಯೇ ಮನುಷ್ಯನು ಮನುಷ್ಯನಿಗೆ ಕೆರೆಯ ನೀರನ್ನು ನಿಷೇಧಿಸಿದನು. ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಬಾಬಾಸಾಹೇಬ ಅಂಬೇಡಕರರು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದು ಈ ಅನ್ಯಾಯಕ್ಕೆ ಸವಾಲೆಸೆದರು. ೧೯೪೭ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಪಂಢರಪುರದಲ್ಲಿ ಉಪವಾಸವನ್ನು ಕೈಕೊಂಡರು. ಅದರ ಫಲವಾಗಿ ವಿಠಲ ಮಂದಿರದ ಬಾಗಿಲು ಹರಿಜನರಿಗೆ ತೆರೆಯಿತು. ೧೯೫೦ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ಅಸ್ಪೃಶ್ಯತೆಯನ್ನು ಕಾನೂನಿನಿಂದ ಅಳಿಸಿ, ಪ್ರತಿಯೊಬ್ಬನಿಗೂ ತನ್ನ ಮತವನ್ನು ಆಚರಿಸುವ ಸ್ವಾತಂತ್ರ್ಯವನ್ನಿತ್ತಿತು. ಮಹಾಮನೆಯಲ್ಲಿ ಶರಣರು ಆಚರಿಸಿದುದು ಎಂಟು ನೂರು ವರ್ಷಗಳ ಮೇಲೆ ರಾಷ್ಟ್ರದ ಕಾಯಿದೆಯಾಯಿತು.

ಸೊಲ್ಲಾಪುರವು ಮತ್ತೊಂದು ಉಜ್ವಲ ನಿದರ್ಶನವನ್ನು ಲೋಕದ ಮುಂದಿಟ್ಟಿದೆ. ೧೯೩೦ರ ಸ್ವಾತಂತ್ರ್ಯ ಹೋರಾಟದಲ್ಲಿ ಈ ನಗರವು ಬ್ರಿಟಿಷರ ಲಷ್ಕರಿ ಕಾಯಿದೆಯನ್ನು ಎದುರಿಸಿತು. ೧೯೩೧ರ ಜನವರಿ ೧೨ರಂದು ಯೆರವಡಾ ಕಾರಾಗೃಹದಲ್ಲಿ ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ, ಕುರ್ಬಾನ ಹುಸೇನ ಎಂಬ ನಾಲ್ವರು ಸೊಲ್ಲಾಪುರದ ವೀರರು ಗಲ್ಲಿಗೇರಿದರು. ಲಿಂಗಾಯತ, ಮರಾಠಾ, ಮಾರವಾಡಿ, ಮುಸಲ್ಮಾನ ಮನೆಗಳಲ್ಲಿ ಹುಟ್ಟಿದ ನಾಲ್ವರಿಗೂ ಒಂದೇ ದಿನ ಒಂದೇ ಮರಣ. ಸಿದ್ಧೇಶ್ವರನ ಜಾತ್ರೆಯು ಸಮೀಪಿಸುತ್ತಿದ್ದ ದಿನಗಳಲ್ಲಿಯೇ ಆ ಬಲಿದಾನವು ನಡೆಯಿತು.

ಮುಂದೆ ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮರ ಚರಿತ್ರೆಯನ್ನು ತ್ರಿಪದಿಯಲ್ಲಿ ಪುರಾಣವಾಗಿ ಹಾಡಿದರು. ಬಸವಣ್ಣನವರ ವಚನಗಳನ್ನು ಮರಾಠಿಗೆ ಕೊಟ್ಟರು. ೧೯೭೪ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಮೊದಲ ಮಹಿಳೆಯೆನಿಸಿದರು. ಹೆಣ್ಣಿನಲ್ಲಿ ದೈವವನ್ನು ಕಂಡ ಶಿವಯೋಗಿಗಳ ಊರಿಗೆ ಈ ಗೌರವವು ಸಲ್ಲತಕ್ಕದ್ದೇ ಆಗಿತ್ತು.

ಜೀರ್ಣೋದ್ಧಾರದ ಮರ್ಮ

ಕಲ್ಲಿನ ಗುಡಿಯು ಕಾಲಕಾಲಕ್ಕೆ ಜೀರ್ಣವಾಗುತ್ತದೆ. ಮಳೆಗಾಳಿಗಳಿಗೆ ಶಿಖರವು ಸವೆಯುತ್ತದೆ, ಗಾರೆಯು ಉದುರುತ್ತದೆ, ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯು ಬೇರುಬಿಡುತ್ತದೆ. ಆಗ ಭಕ್ತರು ಕೂಡಿ ಯಥಾಶಕ್ತಿ ಧನವನ್ನೂ ಧಾನ್ಯವನ್ನೂ ದೇಹಶ್ರಮವನ್ನೂ ಅರ್ಪಿಸಿ ಅದನ್ನು ಹೊಸದಾಗಿ ನಿಲ್ಲಿಸುತ್ತಾರೆ. ಮನುಷ್ಯರ ನಡುವಣ ವಿಶ್ವಾಸವೂ ಹಾಗೆಯೇ ಸವೆಯುವ ವಸ್ತು. ಅಪನಂಬಿಕೆಯ ಬಿರುಕು, ಚಾಡಿಯ ಬೇರು, ಹಳೆಯ ಹಗೆಯ ಸೋರಿಕೆಗಳು ಅದನ್ನು ಒಳಗಿನಿಂದಲೇ ಸಡಿಲಗೊಳಿಸುತ್ತವೆ. ಪ್ರತಿಯೊಂದು ತಲೆಮಾರಿನವರೂ ತಮ್ಮ ಕಾಲದಲ್ಲಿ ಅದರ ಜೀರ್ಣೋದ್ಧಾರವನ್ನು ತಾವೇ ಮಾಡಬೇಕಾಗುತ್ತದೆ.

ಆ ಕಾರ್ಯಕ್ಕೆ ಸಿದ್ಧರಾಮರ ಜೀವನವು ಕೈದೀವಿಗೆಯಾಗಿದೆ. ಅವರು ಗುಡಿಯನ್ನು ಕಟ್ಟಿದರು, ಆದರೆ ಗುಡಿಯನ್ನು ಪ್ರಶ್ನಿಸಿದವನನ್ನು ಗುರುವಿನಂತೆ ಕಂಡರು. ಹೊಸ ಮಾರ್ಗವನ್ನು ಹಿಡಿದರು, ಆದರೆ ಹಳೆಯ ಮಾರ್ಗದವರನ್ನು ಹಳಿಯಲಿಲ್ಲ. ಕೋಪಗೊಂಡರು, ಆ ಕೋಪವು ಲೋಕವನ್ನು ಸುಡುವ ಮೊದಲೇ ತಣಿಯಲು ಎಡೆಗೊಟ್ಟರು. ಕೆರೆಯ ಬಳಿ ಅ‌ಂದು ಎಸೆದ ಕಲ್ಲುಗಳಿಂದ ಯಾರ ದಾಹವೂ ಹಿಂಗಲಿಲ್ಲ. ಏರಿಗೆ ಸೇರಿದ ಕಲ್ಲುಗಳು ಮಾತ್ರ ಎಂಟು ಶತಮಾನಗಳಿಂದ ನೀರನ್ನು ಹಿಡಿದು ನಿಂತಿವೆ. ಕೈಯಲ್ಲಿರುವ ಕಲ್ಲನ್ನು ಎಸೆಯಬೇಕೋ ಕಟ್ಟಡಕ್ಕೆ ಇಡಬೇಕೋ ಎಂಬ ಪ್ರಶ್ನೆಯು ಎಲ್ಲ ಕಾಲದ ಭಕ್ತರ ಮುಂದೆಯೂ ಇದೆ.

ದೇವಾಲಯದ ಹೊಸ ಶಿಖರದ ಮೇಲೆ ಕಳಸವು ಏರುವಾಗ ಊರಿನ ಎಲ್ಲ ಓಣಿಗಳ ಕಣ್ಣುಗಳೂ ಅದನ್ನು ತಮ್ಮದೆಂದು ನೋಡುವಂತಾಗಲಿ. ಕನ್ನಡದ ಹಾಡೂ ಮರಾಠಿಯ ಅಭಂಗವೂ ಒಂದೇ ಮಂಟಪದಲ್ಲಿ ಮೊಳಗಲಿ. ಹಸಿದು ಬಂದ ಅಪರಿಚಿತನ ರೂಪದಲ್ಲಿ ಮಲ್ಲಯ್ಯನು ಬಂದು ನಿಂತಾಗ ಆತನ ಕುಲವನ್ನು ಕೇಳದೆ ಮಜ್ಜಿಗೆ ಅನ್ನವನ್ನು ನೀಡುವ ಕೈಗಳು ಈ ಸೀಮೆಯಲ್ಲಿ ಎಂದಿಗೂ ಕಡಿಮೆಯಾಗದಿರಲಿ. ಶಿವಯೋಗಿ ಶ್ರೀ ಸಿದ್ಧರಾಮೇಶ್ವರರ ಕೃಪೆಯು ಸಕಲ ಭಕ್ತರ ಮೇಲೆ ಸದಾ ಇರಲಿ. ಸರ್ವರಿಗೂ ಮಂಗಲವಾಗಲಿ.